ಹನ್ನೆರಡನೇ ತರಗತಿಯಿಂದ ಮಾಯವಾದವರು

ಮೂವತ್ತೊಂದು ಮಕ್ಕಳು ಕಾಣೆಯಾಗಿದ್ದರು. ಪೊಲೀಸರಿಗೆ ಒಬ್ಬರೂ ದೂರು ಕೊಟ್ಟಿರಲಿಲ್ಲ.

ರಂಜನಿ ಪರದೆಯನ್ನು ಇನ್ನೊಮ್ಮೆ ನೋಡಿದಳು. ಅಮೆರಿಕದ ರೆಡ್‌ವುಡ್ ಸಿಟಿಯ ಆ ಚಾರ್ಟರ್ ಹೈಸ್ಕೂಲು ಸರ್ಕಾರದ್ದೇ, ಆಡಳಿತ ಮಾತ್ರ ಸ್ವಂತದ್ದು. ಐದು ವರ್ಷಕ್ಕೊಮ್ಮೆ ಪರವಾನಗಿ ಹೊಸದಾಗಬೇಕು. ಅದಕ್ಕೆ ಮೊದಲು ಶಾಲೆಯನ್ನು ಅಳೆದು ತೂಗಿ ವರದಿ ಬರೆಯುವುದು ಶಿಕ್ಷಣ ಕಚೇರಿಯ ರಂಜನಿಯ ಕೆಲಸ. ಹೋದ ವರ್ಷ ಹನ್ನೊಂದನೇ ತರಗತಿಯಲ್ಲಿ ನೂರ ನಾಲ್ಕು ಮಕ್ಕಳು. ಈ ಅಕ್ಟೋಬರಿನಲ್ಲಿ ಹನ್ನೆರಡರಲ್ಲಿ ಎಪ್ಪತ್ಮೂರು. ಉಳಿದವರ ಹೆಸರಿನ ಮುಂದೆ ಒಂದೇ ಷರಾ: ಬೇರೆ ರಾಜ್ಯಕ್ಕೆ ಹೋಗಿದ್ದಾರೆ.

ವೈಸ್ ಪ್ರಿನ್ಸಿಪಾಲ್ ಮಧುಕರ್ ಬೆಂಗಳೂರಿನವನು, ಬಂದು ಮೂರು ವರ್ಷ. ರಂಜನಿ ಮೈಸೂರಿನವಳೆಂದು ತಿಳಿದು ಖುಷಿಯಿಂದ ಕಾಫಿ ಕೊಟ್ಟ. ಬಾಡಿಗೆ ಏರಿದೆ, ಜನ ಟೆಕ್ಸಸ್ಸಿಗೆ ಹೋಗುತ್ತಿದ್ದಾರೆ ಎಂದ. ನಂಬುವಂಥ ಮಾತೇ.

ಆದರೆ ಕೆಳಗಿನ ತರಗತಿಗಳು ಕರಗಿರಲಿಲ್ಲ. ಹೋದವರಲ್ಲಿ ಇಪ್ಪತ್ತೆಂಟು ಮಂದಿ ಸ್ಪ್ಯಾನಿಷ್ ಮಾತಾಡುವ ಮನೆಯವರು. ಹತ್ತೊಂಬತ್ತು ಮಂದಿಯ ತಮ್ಮ ತಂಗಿಯರು ಅದೇ ಶಾಲೆಯಲ್ಲಿ, ಅದೇ ವಿಳಾಸದಲ್ಲಿ ಇದ್ದರು. ಅಕ್ಕ ಟೆಕ್ಸಸ್ಸಿಗೆ ಹೋದರೆ ತಂಗಿ ಇಲ್ಲೇಕೆ?

*

ಮಧ್ಯಾಹ್ನ ರಂಜನಿ ಅಂಥ ಒಂದು ವಿಳಾಸಕ್ಕೆ ಹೋದಳು. ಬಾಗಿಲು ತೆರೆದವಳು 'ಟೆಕ್ಸಸ್ಸಿಗೆ ಹೋದ' ಹುಡುಗಿ ಮಾರಿಸೋಲಳೇ. ರಂಜನಿಗೆ ನಗು ತಡೆಯಲಾಗಲಿಲ್ಲ.

ಆಗಸ್ಟಿನಲ್ಲಿ ಶಾಲೆಯಿಂದ ಒಂದು ಕಾಗದ ಬಂದಿತ್ತಂತೆ. ಎರಡು ವಿಷಯ ಬಾಕಿ ಇವೆ, ಸಂಜೆ ತರಗತಿಗೆ ಹೋಗು ಎಂದು ಹೇಳಿ ಅಮ್ಮನ ಸಹಿ ಹಾಕಿಸಿಕೊಂಡಿದ್ದರಂತೆ. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಹುಡುಗಿ ಶಾಲೆಯವರ ಮಾತು ನಂಬಿ, ತನ್ನ ಪ್ರತಿಯನ್ನು ಓದದೆ ಜೋಪಾನವಾಗಿಟ್ಟಿದ್ದಳು. ಅದು ಶಾಲೆ ಬಿಡುವ ಅರ್ಜಿ. ಕೆಳಗೆ ಪ್ರಿನ್ಸಿಪಾಲ್ ಸ್ನೇಹಲ್‌ಳ ರಬ್ಬರ್ ಮುದ್ರೆ. ಪಕ್ಕದಲ್ಲಿ ಪೆನ್ನಿನಿಂದ ಬರೆದ ತಾರೀಕು: 12/8.

ಸ್ನೇಹಲ್ ಮೇಲೆಯೇ ಅನುಮಾನ ಬಂತು. ಆದರೆ ಕಾರಿನಲ್ಲಿ ಕೂತು ರಂಜನಿ ಆ ತಾರೀಕನ್ನೇ ನೋಡಿದಳು. ಅಮೆರಿಕದಲ್ಲಿ ಅದು ಡಿಸೆಂಬರ್ ಎಂಟು. ಡಿಸೆಂಬರ್ ಇನ್ನೂ ಬಂದೇ ಇಲ್ಲ.

*

ಮರುದಿನದ ಮೀಟಿಂಗಿಗೆ ಸ್ನೇಹಲ್, ಮಧುಕರ್ ಇಬ್ಬರನ್ನೂ ಕರೆದಳು. ಹಾಜರಿ ಹಾಳೆಯಲ್ಲಿ ಸಹಿ, ತಾರೀಕು ಹಾಕಿಸಿಕೊಂಡಳು. ಸ್ನೇಹಲ್ ಬರೆದದ್ದು 10/21. ಮಧುಕರ್ ಬರೆದದ್ದು 21/10.

ರಂಜನಿ ಮಾರಿಸೋಲಳ ಅರ್ಜಿಯನ್ನು ಅದರ ಪಕ್ಕದಲ್ಲಿಟ್ಟಳು.

"ಸ್ನೇಹಲ್ ಹುಟ್ಟಿದ್ದು ಇಲ್ಲೇ ಅಮೆರಿಕದಲ್ಲಿ, ಫ್ರೀಮಾಂಟಿನಲ್ಲಿ. ಅವರು ತಿಂಗಳನ್ನೇ ಮೊದಲು ಬರೀತಾರೆ. ದಿನ ಮೊದಲು ಬರೆಯೋರು ನಾವು, ಮಧುಕರ್. ನನಗೆ ಆ ಅಭ್ಯಾಸ ಬಿಡೋಕೆ ಹತ್ತು ವರ್ಷ ಹಿಡೀತು."

ಮುದ್ರೆ ಇರುತ್ತಿದ್ದದ್ದು ಅವನ ಮೇಜಿನಲ್ಲಿ ಎಂದು ಸ್ನೇಹಲ್ ಮೆಲ್ಲಗೆ ಹೇಳಿದಳು. ಬೇರೆ ರಾಜ್ಯಕ್ಕೆ ಹೋದವರು ಫಲಿತಾಂಶದ ಲೆಕ್ಕಕ್ಕೆ ಬರುವುದಿಲ್ಲ. ಓದಿನಲ್ಲಿ ಹಿಂದುಳಿದವರನ್ನು ಹಾಗೆ ಕಳಿಸಿಬಿಟ್ಟರೆ ನೂರಕ್ಕೆ ನೂರು ಪಾಸು, ಪರವಾನಗಿ ಖಚಿತ. ಮಧುಕರ್ ಹಣೆ ಒರೆಸಿಕೊಂಡ.

"ಶಾಲೆ ಉಳೀಲಿ ಅಂತ ಮಾಡಿದೆ, ಮೇಡಂ."

"ಯಾರಿಗೋಸ್ಕರ ಉಳೀಬೇಕಿತ್ತು?"

ಮಧುಕರ್ ಅರ್ಜಿಯನ್ನು ಮಗುಚಿಟ್ಟ. ಅಂದೇ ಅವನ ಕೆಲಸ ಹೋಯಿತು.

*

ಸ್ನೇಹಲ್ ಮೂವತ್ತೊಂದು ಮನೆಗೂ ತಾನೇ ಹೋಗಿ ಕ್ಷಮೆ ಕೇಳಿದಳು. ಪರವಾನಗಿ ಎರಡೇ ವರ್ಷಕ್ಕೆ, ಕಟ್ಟುನಿಟ್ಟಿನ ಷರತ್ತಿನ ಮೇಲೆ ಸಿಗಲಿ ಎಂದು ರಂಜನಿ ಬರೆದಳು.

ಸೋಮವಾರ ಇಪ್ಪತ್ತೊಂಬತ್ತು ಮಂದಿ ವಾಪಸ್ ಬಂದರು. ಗಣಿತದ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ಮಾರಿಸೋಲ್ ಲೈಬ್ರರಿಯಿಂದ ಎರಡು ಹೊತ್ತು ತಂದಳು. ಹಿಂದೆಯೇ ಸ್ನೇಹಲ್ ಎರಡು. ನೋಡುತ್ತ ನಿಂತಿದ್ದ ರಂಜನಿ ಬ್ಯಾಗು ಕೆಳಗಿಟ್ಟು ತಾನೂ ಒಂದು ಎತ್ತಿಕೊಂಡಳು.