ಕಾಂತಪ್ಪ ಕೊಡದ ಕಡುಬು

1955ನೇ ಇಸವಿ ಫೆಬ್ರವರಿ 15, ಮಂಗಳವಾರ. ಬೆಳಿಗ್ಗೆ ಏಳು ಗಂಟೆಗೆ ಮುಂಬಯಿ ಬಂದರಿನ ಬದಿಯ ಒಂದು ಪೊಲೀಸ್ ಠಾಣೆಗೆ ದೂರು ಬಂತು. ದೂರು ತಂದವಳು ವಿಕ್ರೋಳಿಯ ಚಾಳಿನಲ್ಲಿರುವ ನೀಲಾವತಿ. ಅವಳು ಮೆಟ್ಟಿಲೇರಿದ ರಭಸಕ್ಕೆ ಠಾಣೆಯ ಸೂರಿನ ಪಾರಿವಾಳಗಳೆಲ್ಲ ಹಾರಿಹೋಗಿ ಬಾಂದ್ರಾದಲ್ಲಿ ಇಳಿದವು. ನಂಬದವರು ಬಾಂದ್ರಾದಲ್ಲಿ ವಿಚಾರಿಸಬಹುದು.

ಠಾಣೆಯ ಇನ್‌ಸ್ಪೆಕ್ಟರ್ ಕಾಶಪ್ಪನವರು ಬಿಜಾಪುರದ ಕಡೆಯವರು. ಅವರ ಮೀಸೆಗೆ ಹೆದರಿ ಅರಬ್ಬೀ ಸಮುದ್ರ ದಿನಕ್ಕೆರಡು ಸಲ ಹಿಂದೆ ಸರಿಯುತ್ತದೆ. ತಿಳಿಯದವರು ಅದನ್ನು ಇಳಿತ ಎನ್ನುತ್ತಾರೆ. ಅಂಥ ಕಾಶಪ್ಪನವರೂ ಆ ಬೆಳಿಗ್ಗೆ ನೀಲಾವತಿಯ ಎದುರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

"ಯಾರು ಕಾಣೆಯಾಗ್ಯಾರ?"

"ನನ್ನ ತಮ್ಮ, ದೂಜ. ಫೋರ್ಟಿನ ಹೋಟೆಲಲ್ಲಿ ದೋಸೆ ಹೊಯ್ಯುವುದು."

"ಯಾವಾಗಿಂದ?"

"ನಿನ್ನೆಯಿಂದ. ಹೋಟೆಲಿಗೆ ರಜೆ ಇತ್ತು. ಮಚವೆ ದೋಣಿಯಲ್ಲಿ ಸ್ನೇಹಿತರ ಒಟ್ಟಿಗೆ ದ್ವೀಪ ನೋಡ್ಲಿಕ್ಕೆ ಹೋದದ್ದು. ಅವರು ಬಂದ್ರು. ಇವ ಬರ್ಲಿಲ್ಲ."

"ಈಜು ಬರ್ತದೇನು?"

"ಬಾಲ್ದಿ ತುಂಬಿದ್ರೂ ದೂರ ನಿಂತು ಸ್ನಾನ ಮಾಡುವವ, ಸ್ವಾಮಿ. ಅಂಥವನಿಗೆ ಹಡಗಿನ ಕೆಲಸ ಬೇಕಂತೆ."

ಸಂಗತಿ ಇಷ್ಟು. ಬಸ್ರಾಕ್ಕೆ ಹೋಗುವ ಸರಕು ಹಡಗೊಂದರಲ್ಲಿ ದೂಜನಿಗೆ ಅಡುಗೆಯವನ ಕೆಲಸ ಸಿಕ್ಕಿತ್ತು. ಹಡಗು ಹೊರಡುವುದು ಅಂದೇ ಸಂಜೆ. ಅವನನ್ನು ಬೀಳ್ಕೊಡಲೆಂದೇ ಸೋಮವಾರದ ದೋಣಿ ವಿಹಾರ. ವಿಹಾರ ಮುಗಿಸಿ ಅಕ್ಕನ ಮನೆಗೆ ಊಟಕ್ಕೆ ಬರುತ್ತೇನೆಂದವನು ಬರಲಿಲ್ಲ. ನೀಲಾವತಿ ಮೊದಲ ಲೋಕಲ್ ಹಿಡಿದು ಹೋಟೆಲಿಗೆ ಹೋಗಿ ನೋಡಿದರೆ ಅವನ ಚಾಪೆಯೂ ಟ್ರಂಕೂ ಇದ್ದವು, ಅವನಿರಲಿಲ್ಲ.

"ಬದುಕಿದ್ದಾನಾ ಇಲ್ಲವಾ, ಅಷ್ಟು ಹೇಳಿ ನನಗೆ. ಉಳಿದದ್ದೆಲ್ಲ ನೀವು ಬರ್ಕೊಳ್ಳಿ" ಎಂದಳು ನೀಲಾವತಿ.

ಕಾಶಪ್ಪನವರು ಸದ್ಯಕ್ಕೆ ಕಾಣೆಯಾದವರ ದಾಖಲೆಯಲ್ಲಿ ದೂಜನ ಹೆಸರು ಬರೆಸಿದರು. ಎಫ್‌ಐಆರ್ ಯಾವ ಕಲಮಿಗೆ ಎಂಬುದನ್ನು ಆಮೇಲೆ ನೋಡೋಣವೆಂದು, ದೋಣಿಯಲ್ಲಿದ್ದ ಉಳಿದ ಮೂವರನ್ನು ಕರೆತರಲು ಕಾನ್‌ಸ್ಟೇಬಲ್ ಮೋನಪ್ಪನನ್ನು ಕಳಿಸಿದರು. ಮೋನಪ್ಪ ನಡೆದು ಹೊರಟನೆಂದರೆ ಟ್ರಾಮುಗಳು ಪಕ್ಕಕ್ಕೆ ಸರಿದು ದಾರಿ ಕೊಡಬೇಕು. ಚಹಾ ಆರುವುದರೊಳಗೆ ಮೂವರೂ ಬೆಂಚಿನ ಮೇಲಿದ್ದರು.

ಮೊದಲು ಮಚವೆ ನಡೆಸುವ ತಾಂಡೇಲ ಅಣ್ಣು. ಮಲ್ಪೆಯವನು, ಮುಂಬಯಿಯಲ್ಲಿ ಇಪ್ಪತ್ತು ವರ್ಷದಿಂದ ಹಾಯಿ ಕಟ್ಟುತ್ತಿರುವವನು.

"ಎಲ್ಲೆಲ್ಲಿ ಹೋದ್ರಿ?"

"ಭಾವುಚಾ ಧಕ್ಕೆಯಿಂದ ಬೆಳಿಗ್ಗೆ ಬಿಟ್ಟದ್ದು. ಘಾರಾಪುರಿ ದ್ವೀಪದ ಗುಹೆ ನೋಡಿ ಆಯ್ತು. ಅದರಿಂದ ಆಚೆ ಒಂದು ಸಣ್ಣ ದ್ವೀಪ, ನಮ್ಮ ಕಡೆ ಕುದ್ರು ಅನ್ನುವಂಥದ್ದು ಉಂಟು, ಜನ ಇಲ್ಲ, ಹೆಸರೂ ಇಲ್ಲ. ಅಲ್ಲಿ ಊಟ."

"ಹೋಗುವಾಗ ಎಷ್ಟು ಮಂದಿ?"

"ನಾನು ಸೇರಿ ನಾಲ್ಕು."

"ಬರುವಾಗ?"

"ಮೂರು."

"ನಾಲ್ಕನೇದಾಂವ?"

"ಹೊರಟನಂತೆ."

"ಎಲ್ಲಿಗೆ?"

"ಅದು ಕೇಳ್ಲಿಲ್ಲ. ಹೊರಟವ ಎಲ್ಲಿಗೆ ಅಂತ ಕೇಳ್ಬಾರ್ದಲ್ಲ, ಸ್ವಾಮಿ. ಅದೂ ನಾಳೆ ಹಡಗು ಹತ್ತುವವ. ನಾನು ನೀರಿನಲ್ಲಿ ಬದುಕುವವ, ಅಂಥ ಅಪಶಕುನ ನನ್ನ ಬಾಯಿಂದ ಬರ್ಲಿಕ್ಕಿಲ್ಲ."

ಎರಡನೆಯವನು ಕಿಟ್ಟು. ಮೈಸೂರಿನವನು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ದೂಜನ ದೋಸೆಯ ಭಕ್ತ.

"ವಾಪಸ್ ಬರುವಾಗ ನೀವೇನ್ ನೋಡಿದ್ರಿ?"

"ಏನೂ ನೋಡ್ಲಿಲ್ಲ ಸಾರ್. ಊಟ ಆದ್ಮೇಲೆ ಬಿಸಿಲಿಗೆ ನಿದ್ದೆ ಎಳೀತು. ಮುಖದ ಮೇಲೆ ಒದ್ದೆ ಟವಲ್ ಹಾಕ್ಕೊಂಡು ದೋಣಿಯಲ್ಲಿ ಮಲಗ್ಬಿಟ್ಟೆ."

"ದೂಜ ಹೊರಟ ಅಂತ ಹೇಳಿದವರು ಯಾರು?"

"ಕಾಂತಪ್ಪ. 'ಅವನು ಹೊರಟ, ನಾವೂ ಹೊರಡೋಣ' ಅಂದ."

"ಎಲ್ಲಿಗೆ ಅಂತ ನೀವೂ ಕೇಳ್ಲಿಲ್ಲ?"

"ಕೇಳೋದುಂಟೇ ಸಾರ್? ನಮ್ಮಮ್ಮ ಇದ್ದಿದ್ರೆ ಬಾಯಿಗೇ ಹೊಡೀತಿದ್ರು."

ಕಾಶಪ್ಪನವರು ಗದರಿಸಲು ಬಾಯಿ ತೆರೆದರು. ಆದರೆ ಮದುವೆಯಾದಂದಿನಿಂದ ತಮ್ಮ ಹೆಂಡತಿಯೂ ತಾವು ಹೊರಟಾಗ ಒಂದು ದಿನವೂ ಎಲ್ಲಿಗೆ ಎಂದು ಕೇಳಿದವಳಲ್ಲ ಎಂಬುದು ನೆನಪಾಗಿ, ತೆರೆದ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡರು.

ಮೂರನೆಯವನು ಕಾಂತಪ್ಪ, ಅದೇ ಹೋಟೆಲಿನ ಅಡುಗೆಯ ಮುಖ್ಯಸ್ಥ. ಅವನ ಸಾಂಬಾರಿನ ಪರಿಮಳಕ್ಕೆ ಕೊಲಂಬೋಗೆ ಹೊರಟ ಹಡಗುಗಳು ದಾರಿ ತಪ್ಪಿ ಮುಂಬಯಿಗೆ ಬಂದದ್ದುಂಟು. ಗುಡಾಣದಂಥ ಮನುಷ್ಯ. ಅಂದು ಕೊಟ್ಟ ಚಹಾವನ್ನು ಪಕ್ಕದ ಕಿಟ್ಟುವಿಗೇ ದಾಟಿಸಿದ.

"ದೂಜ ಹೆಂಗ ಹೋದ?"

"ಕುದ್ರುವಿನ ಆಚೆ ಬದಿಯಲ್ಲಿ ಮೀನಿನವರ ದೋಣಿ ಇತ್ತು. ಹತ್ತಿ ಹೋದ."

"ನೀ ಕಣ್ಣಾರೆ ನೋಡಿದಿ?"

"ನೋಡಿದೆ."

"ಎಲ್ಲಿಗೆ ಅಂತ..."

"ಕೇಳ್ಬಾರ್ದು, ಸ್ವಾಮಿ."

ಮೂರನೆಯ ಸಲವೂ ಇದೇ ಉತ್ತರ ಬಂದಾಗ ಕಾಶಪ್ಪನವರ ಮೀಸೆಯ ಎಡತುದಿ ತಾನಾಗಿ ಮೇಲೆದ್ದಿತು. ಅಣ್ಣುವೂ ಕಿಟ್ಟುವೂ ದೂಜ ಹೊರಟದ್ದನ್ನು ಕಂಡವರಲ್ಲ. ಕಂಡೆನೆನ್ನುವವನು ಒಬ್ಬನೇ. ಬಾಗಿಲ ಬಳಿ ನಿಂತಿದ್ದ ನೀಲಾವತಿ "ಕಾಂತಪ್ಪಣ್ಣ, ನನ್ನ ಮುಖ ನೋಡಿ ಹೇಳು" ಎಂದಳು. ಕಾಂತಪ್ಪ ನೆಲವನ್ನೇ ನೋಡಿದ.

ಬಿಸಿಲೇರುವ ಮೊದಲೇ ಭಾವುಚಾ ಧಕ್ಕೆಯಲ್ಲಿ ಮಚವೆಯ ಪಂಚನಾಮೆ ನಡೆಯಿತು. ಪಂಚರಾಗಿ ನಿಂತವರು ಒಬ್ಬ ಹಮಾಲಿ ಮತ್ತು ಒಬ್ಬಳು ಮೀನು ಮಾರುವವಳು. ಅವಳು ತನ್ನ ಬುಟ್ಟಿಯನ್ನು ಕಾಯಲು ಮೋನಪ್ಪನನ್ನು ನಿಲ್ಲಿಸಿಯೇ ದೋಣಿಗೆ ಇಳಿದದ್ದು. ರಕ್ತದ ಕಲೆಯಿಲ್ಲ. ಹರಿದ ಬಟ್ಟೆಯಿಲ್ಲ. ಹಾಯಿ, ಹಗ್ಗ, ಎರಡು ಹುಟ್ಟು, ಕುಡಿಯುವ ನೀರಿನ ಒಂದು ಮಡಕೆ.

"ಮಡಕೆ ಎರಡು ಇದ್ದದ್ದು" ಎಂದ ಅಣ್ಣು. "ನಿನ್ನೆ ಹಾಯಿ ಇಳಿಸುವ ಗಡಿಬಿಡಿಯಲ್ಲಿ ನೋಡ್ಲಿಲ್ಲ."

"ಊಟ ತಂದ ಬುಟ್ಟಿ?"

"ಅದೂ ಇಲ್ಲ."

ಕಾಂತಪ್ಪ ಕೇಳುವ ಮೊದಲೇ ಹೇಳಿದ: "ನೀರಿಗೆ ಬಿತ್ತು."

"ಬುಟ್ಟಿ ಬಿತ್ತೋ, ಮಡಕೆ ಬಿತ್ತೋ?"

"ಎರಡೂ."

"ಎರಡೂ ಕೂಡಿ ಬಿದ್ದು, ಯಾರಿಗೂ ಸಪ್ಪಳ ಕೇಳ್ಲಿಲ್ಲ?"

ಮೋನಪ್ಪ ಸಾಹೇಬರ ಕಿವಿಯಲ್ಲಿ ಪಿಸುಗುಟ್ಟಿದ: "ಸಾಬ್, ಮಡಕೆಗೆ ಕಲ್ಲು ತುಂಬಿಸಿ ಕುತ್ತಿಗೆಗೆ ಕಟ್ಟಿರ್ಬಹುದು." ಮೋನಪ್ಪನ ಪಿಸುಮಾತು ಸಾಧಾರಣವಾಗಿ ಎರಡು ಧಕ್ಕೆಗಳಿಗೆ ಕೇಳಿಸುತ್ತದೆ. ನೀಲಾವತಿಗೂ ಕೇಳಿಸಿತು. ಅಷ್ಟು ಹೊತ್ತು ನಿಂತೇ ಇದ್ದವಳು ಧಕ್ಕೆಯ ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಕಿಟ್ಟು ತನ್ನ ದೂರನ್ನೂ ಸೇರಿಸಿದ. "ಬುಟ್ಟಿ ಬಿದ್ದಿದ್ರೆ ಒಳ್ಳೇದೇ ಆಯ್ತು ಬಿಡಿ ಸಾರ್. ತುಂಬ ಕೊಟ್ಟೆ ಕಡುಬಿತ್ತು, ಹಲಸಿನೆಲೆಯಲ್ಲಿ ಬೇಯಿಸಿದ್ದು. ನಾನು ಇನ್ನೊಂದು ಕೇಳಿದ್ರೆ ಕಾಂತಪ್ಪ ಇಲ್ಲ ಅಂತ ಮುಚ್ಚಳ ಹಾಕ್ಬಿಟ್ಟ."

"ಏನಂದ್ರು?" ಎಂದ ಮೋನಪ್ಪ.

"ಇಲ್ಲ ಅಂದ."

"ಕಾಂತಪ್ಪಣ್ಣ? ಬುಟ್ಟಿಯಲ್ಲಿ ಇಟ್ಕೊಂಡು, ಇಲ್ಲ ಅಂದ್ರಾ?" ಮೋನಪ್ಪ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಸಾಬ್, ನಾನು ದಿನಾ ಆ ಹೋಟೆಲಲ್ಲೇ ತಿನ್ನುವುದು. ಎಲೆಗೆ ಅಡ್ಡ ಬಿದ್ದು ಬೇಡ ಅಂದ್ರೂ ಕೈ ಸಂದಿಯಲ್ಲಿ ಬಡಿಸುವ ಜನ ಇವರು. ಇವರ ಬಾಯಲ್ಲಿ ಇಲ್ಲ ಅನ್ನುವ ಮಾತು ಫೋರ್ಟಿನಲ್ಲಿ ಯಾರೂ ಕೇಳಿದ್ದಿಲ್ಲ."

ಕಾಶಪ್ಪನವರು ಎಲೆ ಅಡಿಕೆ ಉಗುಳಿ ಬಂದರು. ಮಡಕೆ ತುಂಬ ನೀರು. ಎಲೆಯೊಳಗೆ ಬೆಂದು, ಮರುದಿನಕ್ಕೂ ಕೆಡದ ಕಡುಬು. ಜನರಿಲ್ಲದ ದ್ವೀಪ. ಅವರು ಕಾಂತಪ್ಪನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ನೀಲಾವತಿಯ ಬಳಿ ಹೋಗಿ ನಿಂತರು.

"ಏಳವಾ ತಂಗಿ. ಕೊಲ್ಲಾಂವ ಬುತ್ತಿ ಕಟ್ಟಂಗಿಲ್ಲ. ನಿನ್ನ ತಮ್ಮ ಉಪವಾಸ ಇಲ್ಲ."

ಅಣ್ಣು ಹಾಯಿ ಎತ್ತಿದ. ಕಾಶಪ್ಪ, ಮೋನಪ್ಪ, ಕಾಂತಪ್ಪ ಹತ್ತಿದರು. ಬೇಡವೆಂದರೂ ನೀಲಾವತಿ ಹತ್ತಿದಳು, ಬೇಕೆಂದವರಿಲ್ಲದಿದ್ದರೂ ಕಿಟ್ಟು ಹತ್ತಿದ. ಬಿಜಾಪುರದ ಬಾವಿಗಳನ್ನು ಬಿಟ್ಟು ಬೇರೆ ನೀರಿಗೆ ಇಳಿಯದ ಕಾಶಪ್ಪನವರಿಗೆ ಇದು ಮೊದಲ ಸಮುದ್ರಯಾನ. ಅಲೆಗಳು ತೆಂಗಿನ ಮರದಷ್ಟು ಎತ್ತರ ಇದ್ದವೆಂದು ಅವರು ಇಂದಿಗೂ ಹೇಳುತ್ತಾರೆ. ಆ ದಿನ ಸಮುದ್ರ ಹೆಸರುಬೇಳೆ ಪಾಯಸದಂತೆ ಅಲುಗದೆ ಬಿದ್ದಿತ್ತೆಂದು ಅಣ್ಣು ಹೇಳುತ್ತಾನೆ. ಇಬ್ಬರಲ್ಲಿ ಸರ್ಕಾರಿ ಮುದ್ರೆ ಇರುವುದು ಕಾಶಪ್ಪನವರ ಬಳಿ.

ಘಾರಾಪುರಿ ಹಿಂದೆ ಸರಿಯಿತು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಅಂಚಿನ ಕುದ್ರು ಎದುರು ಬಂತು. ಅಣ್ಣು ನಿನ್ನೆ ನಿಲ್ಲಿಸಿದ ಜಾಗಕ್ಕೇ ಚುಕ್ಕಾಣಿ ತಿರುಗಿಸಿದ.

"ಅಲ್ಲಿ ಬೇಡ" ಎಂದ ಕಾಂತಪ್ಪ. ಧಕ್ಕೆ ಬಿಟ್ಟ ಮೇಲೆ ಅವನಾಡಿದ ಮೊದಲ ಮಾತು. "ಬಲಕ್ಕೆ ತಗೋ. ದೊಡ್ಡ ಕಲ್ಲಿನ ಹಿಂದೆ ನೆರಳುಂಟು. ಅಲ್ಲಿರ್ತಾನೆ."

ಯಾರೂ ಅವನತ್ತ ತಿರುಗಲಿಲ್ಲ. ಎಲ್ಲರ ಕಣ್ಣೂ ಕಲ್ಲಿನ ಮೇಲಿತ್ತು. ಅದರ ಹಿಂದಿನಿಂದ ಮೊದಲು ಒಂದು ಕೋಲು ಎದ್ದಿತು, ಕೋಲಿನ ತುದಿಗೆ ಕಟ್ಟಿದ ಅಂಗಿ, ಆಮೇಲೆ ಅಂಗಿಯಿಲ್ಲದ ದೂಜ. ರಾತ್ರಿಯಿಡೀ ಕುದ್ರುವಿನ ಸೊಳ್ಳೆಗಳು ಹಬ್ಬದೂಟ ಮಾಡಿ, ಅವನ ಮೈ ಹಲಸಿನ ಹಣ್ಣಿನ ಹಾಗಾಗಿತ್ತು. ಕಾಲು ಎರಡೂ ಇದ್ದವು. ಧ್ವನಿಯೂ ಇತ್ತು, ಅವನು ಕಾಂತಪ್ಪನಿಗೆ ಬೈದ ಬೈಗುಳಕ್ಕೆ ಪನ್ವೇಲ್ ಕಡೆಯ ಬಕಗಳೂ ಎದ್ದು ಹಾರಿದವು.

ನೀಲಾವತಿ ದೋಣಿ ನಿಲ್ಲುವ ಮೊದಲೇ ಕೆಸರಿಗೆ ಇಳಿದಳು. ಮೊಣಕಾಲವರೆಗೆ ಹೂತುಕೊಂಡೇ ಹೋಗಿ ತಮ್ಮನಿಗೆ ಒಂದು ಬಿಗಿದಳು, ಆಮೇಲೆ ತಬ್ಬಿ ಹಿಡಿದಳು.

"ಸತ್ತಿದ್ದೀ ಅಂತ ಅಂದ್ಕೊಂಡೆನಲ್ಲೋ."

"ಉಂಡು ನೆರಳಲ್ಲಿ ಮಲಗಿದ್ದೆ, ಅಕ್ಕ. ಎದ್ದಾಗ ದೋಣಿಯ ಹಾಯಿ ಮಾತ್ರ ಕಂಡದ್ದು, ದೂರದಲ್ಲಿ. ತಲೆ ಹತ್ರ ಮಡಕೆ, ಬುಟ್ಟಿ. ಹಡಗು ಹೋಯ್ತಾ?"

"ಇಲ್ಲ. ಸಂಜೆಗೆ ಉಂಟಲ್ಲ."

ದೂಜ ಅಕ್ಕನ ಹೆಗಲಿಗೆ ಹಣೆ ಒತ್ತಿ, ತುಂಬ ಹೊತ್ತು ಹಾಗೇ ನಿಂತ. ಕಾಶಪ್ಪನವರು ದೋಣಿಯ ಅಂಚು ಹಿಡಿದುಕೊಂಡಿದ್ದ ಕೈಯನ್ನು ಮೊದಲ ಸಲ ಸಡಿಲಿಸಿದರು.

ಮಧ್ಯಾಹ್ನ ಠಾಣೆಯಲ್ಲಿ ಎಫ್‌ಐಆರ್ ಬರೆಯಲಾಯಿತು. ಭಾರತೀಯ ದಂಡ ಸಂಹಿತೆಯ 342ನೇ ಕಲಮು, ಅಕ್ರಮ ಬಂಧನ.

"ಬಾಗಿಲಿಲ್ಲ, ಬೀಗ ಇಲ್ಲ. ಬಂಧನ ಹೇಗಾಗತ್ತೆ ಸಾರ್?" ಎಂದ ಕಿಟ್ಟು.

"ಸುತ್ತ ಸಮುದ್ರ, ಇಂವಗ ಈಜು ಬರಂಗಿಲ್ಲ. ಅದಕ್ಕಿಂತ ಗಟ್ಟಿ ಬೀಗ ಎಲ್ಲೈತಿ? ನೀವು ನಿಮ್ಮ ಆಫೀಸಿಗೆ ಹೋಗ್ರಿ."

ಹೇಳಿಕೆಗೆ ಸಹಿ ಹಾಕಿದ ದೂಜ ಹೋಗದೆ ನಿಂತ. "ಸ್ವಾಮಿ, ನನಗೆ ಇವನ ಮೇಲೆ ಕೋರ್ಟು ಕಚೇರಿ ಬೇಡ. ರಾಜಿಪತ್ರಕ್ಕೂ ಈಗಲೇ ಸಹಿ ಹಾಕಿ ಅಕ್ಕನ ಕೈಯಲ್ಲಿ ಕೊಡ್ತೇನೆ."

"ಮತ್ತ ಈ ದೂರು ಯಾಕ?"

"ಹಡಗು ಬಿಡುವವರೆಗೆ ಇವನನ್ನು ಒಳಗಿಡ್ಲಿಕ್ಕೆ. ಹೊರಗಿದ್ರೆ ಲಂಗರಿಗೇ ನೇತು ಬೀಳ್ತಾನೆ."

ಕಾಶಪ್ಪನವರು ಮೀಸೆಯ ಮರೆಯಲ್ಲಿ ನಕ್ಕರು. ಆ ಮೀಸೆಯ ಮರೆಯಲ್ಲಿ ಒಂದು ಮದುವೆಯನ್ನೇ ನಡೆಸಬಹುದು. ಆಮೇಲೆ ಎದ್ದು ನಿಂತು, ಕಾಂತಪ್ಪನ ಹೆಗಲ ಮೇಲೆ ಕೈಯಿಟ್ಟು, ನಿಯಮದಂತೆ ದಸ್ತಗಿರಿ ಮಾಡಿದರು. ದೂಜ ಕಂಬಿಯ ಹತ್ತಿರ ಹೋದ. ಕಂಬಿಯೊಳಗೆ ಕೈ ಹಾಕಿ ಕಾಂತಪ್ಪನ ಜಾರಿದ ಬೈರಾಸು ಟವಲನ್ನು ಸರಿಯಾಗಿ ಹೆಗಲಿಗೆ ಹೊದಿಸಿ ಹೊರಟ.

ಸಂಜೆ ಕಾಶಪ್ಪನವರು ಆರೋಪಿಯ ಹೇಳಿಕೆ ಬರೆದುಕೊಳ್ಳಲು ಕುಳಿತರು.

"ಯಾಕ ಮಾಡಿದಿ?"

"ಹಡಗು ಹೋದ ಕೂಡ್ಲೇ ನಾನೇ ಹೋಗಿ ಕರ್ಕೊಂಡು ಬರ್ತಿದ್ದೆ, ಸ್ವಾಮಿ."

"ಅದು ನನಗ ಗೊತ್ತೈತಿ. ಯಾಕ ಅಂತ ಕೇಳಿದೆ."

ಕಾಂತಪ್ಪ ತನ್ನ ಅಂಗೈ ನೋಡಿಕೊಂಡ. "ಯುದ್ಧದ ಕಾಲದಲ್ಲಿ ನನ್ನ ಅಣ್ಣನೂ ಹೀಗೇ ಹಡಗಿನ ಅಡುಗೆಗೆ ಹೋದ. ಅವನ ಟ್ರಂಕು ಹೊತ್ತು ಬಂದರಿಗೆ ಬಿಟ್ಟು ಬಂದದ್ದು ನಾನು. ಹಡಗು ಎಲ್ಲಿ ಮುಳುಗಿತು ಅಂತ ಕೂಡ ಯಾರೂ ಹೇಳ್ಲಿಲ್ಲ. ಊರಿಗೆ ಹೋಗಿ ಅಮ್ಮನಿಗೆ ಹೇಳಿದ್ದೂ ನಾನೇ. ಅಮ್ಮ ದೋಸೆಗೆ ಅಕ್ಕಿ ಕಡೀತಾ ಇದ್ರು. ನಾನು ಹೇಳಿದ ಮೇಲೂ ಕಡೀತಾನೇ ಇದ್ರು, ಕಲ್ಲಲ್ಲಿ ಅಕ್ಕಿ ಮುಗಿದ ಮೇಲೂ." ಅವನು ಬೈರಾಸನ್ನು ಮತ್ತೆ ಹೆಗಲಿಗೆ ಎಳೆದುಕೊಂಡ. "ಮೊನ್ನೆ ದೂಜ ಬಂದು, ನನ್ನ ಟ್ರಂಕು ನೀನೇ ಹೊರ್ಬೇಕು ಅಂದ. ಹೂಂ ಅಂದೆ. ಅಂದದ್ದಷ್ಟೇ."

ಕಾಶಪ್ಪನವರು ಇದನ್ನು ಹೇಳಿಕೆಯಲ್ಲಿ ಬರೆಯಲಿಲ್ಲ. "ಆರೋಪಿ ತಪ್ಪು ಒಪ್ಪಿಕೊಂಡಿದ್ದಾನೆ" ಎಂದು ಮಾತ್ರ ಬರೆದು ಲೇಖನಿ ಮುಚ್ಚಿದರು.

ಬಂದರಿನಿಂದ ಹಡಗಿನ ಕೂಗು ಕೇಳಿಸಿತು. ಕತ್ತಲಾಗುವ ಹೊತ್ತಿಗೆ ಮೋನಪ್ಪ, ಅವನ ಹಿಂದೆ ನೀಲಾವತಿ, ಇಬ್ಬರೂ ಬಂದರು.

"ಟ್ರಂಕು ನಾನೇ ಹೊತ್ತದ್ದು, ಕಾಂತಪ್ಪಣ್ಣ" ಎಂದ ಮೋನಪ್ಪ. "ಹಡಗು ದೀಪಸ್ತಂಭ ದಾಟಿ ಆಯ್ತು."

ನೀಲಾವತಿ ರಾಜಿಪತ್ರವನ್ನು ಸಾಹೇಬರ ಮೇಜಿನ ಮೇಲಿಟ್ಟು ಕಂಬಿಯ ಬಳಿ ಬಂದಳು. ಬೆಳಿಗ್ಗೆ ನೆಲ ನೋಡಿದವನು ಈಗಲೂ ನೆಲವನ್ನೇ ನೋಡುತ್ತಿದ್ದ.

"ಬಸ್ರಾ ಮುಟ್ಟಿದ ದಿನವೇ ತಂತಿ ಕೊಡ್ತಾನಂತೆ. ನನ್ನ ವಿಳಾಸಕ್ಕೆ ಬೇಡ, ಹೋಟೆಲಿಗೆ ಕಾಂತಪ್ಪಣ್ಣನ ಹೆಸರಿಗೇ ಕೊಡು ಅಂತ ಹೇಳಿದ್ದೇನೆ" ಎಂದಳು. "ಬಂದ ಕೂಡ್ಲೇ ನೀನೇ ವಿಕ್ರೋಳಿಗೆ ಬಂದು ಓದಿ ಹೇಳ್ಬೇಕು. ನಾನು ಬಾಗಿಲಲ್ಲೇ ಕೂತಿರ್ತೇನೆ."