ಕಾಟಾ ಕೋಣೆಯ ಲಾಗಿನ್

ಗೋವಾದ ಡಿಚೋಲಿಯ ಗಣಿ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಆ ಭಾನುವಾರ ಸಂಜೆ ಐದಕ್ಕೆ ಕರೆಂಟು ತೆಗೆಯುವವರಿದ್ದರು. ಅಷ್ಟರೊಳಗೆ ಸರಿಯಾಗಿ ನಿಲ್ಲಿಸದಿದ್ದರೆ ವರ್ಷದ ದಾಖಲೆಯೆಲ್ಲ ಕೆಡುತ್ತಿತ್ತು. ರಜೆಯಿಲ್ಲದೆ ದಣಿದಿದ್ದೆ. ಸಿಸ್ಟಮ್ಮಿನೊಳಗೆ ಇನ್ನೂ ಯಾರು ಲಾಗಿನ್ ಆಗಿದ್ದಾರೆಂದು ಕಮಾಂಡ್ ಕೊಟ್ಟು ನೋಡಿದರೆ ಒಂದೇ ಹೆಸರು: ಶಫೀಸಾಬ, ಲಾರಿ ತೂಗುವ ಕಾಟಾ ಕೋಣೆಯಿಂದ.

ಕಾಟಾ ಗುಮಾಸ್ತರಾಗಿದ್ದ ಶಫೀಸಾಬರು ತೀರಿಕೊಂಡು ತಿಂಗಳಾಗಿತ್ತು.

ಕಾಟಾ ಕೋಣೆ ನೋಡಿ ಬರಲು ವಾಚ್‌ಮನ್ ಕಂಠೆಪ್ಪಣ್ಣನನ್ನು ಕಳಿಸಿದೆ. "ಕೀಲಿ ಹಾಕೈತಿ ಯವ್ವಾ. ಒಳಗಿನ ಕಂಪ್ಯೂಟರ್ ಹೋದ ವಾರನ ಒಯ್ದಾರ. ಆದ್ರ ಕೀಲಿ ಬರ್ಫದಂಗ ತಣ್ಣಗೈತಿ ನೋಡು," ಎಂದು ಕೈ ಉಜ್ಜಿಕೊಂಡ.

ವಾದಿಸಲು ತ್ರಾಣವಿರಲಿಲ್ಲ. ನಿಯಮದಂತೆ ಎಲ್ಲರ ಪರದೆಗೂ ಸಂದೇಶ ಕಳಿಸಿದೆ: 'ಐದು ನಿಮಿಷದಲ್ಲಿ ಸಿಸ್ಟಮ್ ನಿಲ್ಲುತ್ತದೆ. ಕೆಲಸ ಉಳಿಸಿಕೊಳ್ಳಿ. ಹೋಗಿ ಬರ್ರಿ.' ಕೊನೆಯ ಮಾತು ರೂಢಿಯಿಂದ ಬಂದದ್ದು. ಮರುಕ್ಷಣ ಪಟ್ಟಿಯಿಂದ ಆ ಹೆಸರು ಹೋಯಿತು. ಸರ್ವರ್ ನಿಲ್ಲಿಸಿದೆ. ಐದಕ್ಕೆ ಕರೆಂಟೂ ಹೋಯಿತು.

ನಾನು ಕಳಿಸಿದ ಸಂದೇಶ ಏನೆಂದು ಕೇಳಿ ಕಂಠೆಪ್ಪಣ್ಣನ ಮುಖ ಸಣ್ಣದಾಯಿತು. "ಸತ್ತವರಿಗೆ ಹೋಗಿ ಬರ್ರಿ ಅಂತಾರೇನ ಹುಚ್ಚಿ?"

ಸೋಮವಾರ ಬೆಳಿಗ್ಗೆ ಕರೆಂಟು ಬಂದ ಮೇಲೆ ಸರ್ವರ್ ಚಾಲೂ ಮಾಡಿದೆ. ಕೀಬೋರ್ಡು ತಣ್ಣಗೆ ಕೊರೆಯುತ್ತಿತ್ತು. ಪಟ್ಟಿಯಲ್ಲಿ ನನಗಿಂತ ಮೊದಲೇ ಶಫೀಸಾಬರಿದ್ದರು. ಒಳಬಂದ ಸಮಯ: ಭಾನುವಾರ ಸಂಜೆ, ಐದು ಗಂಟೆ ಹತ್ತು ನಿಮಿಷ.