ತೊಟ್ಟಿ ತುಂಬ ಎಲೆಕೋಸು

“ನೀನು ‘ಹೂಂ’ ಅಂದಿದ್ದೆ ಕಣೇ ದಾಮಿ. ಒಂದ್ಸಲ ಅಲ್ಲ, ಎರಡೆರಡು ಸಲ ‘ಹೂಂ ಅಜ್ಜಿ’ ಅಂದಿದ್ದೆ!”

ಅಜ್ಜಿ ಕೋಟು ಕೂಡ ಬಿಚ್ಚದೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದಳು. ಸ್ನಾನದ ತೊಟ್ಟಿಯ ತುಂಬ ಉಪ್ಪುನೀರು, ಅದರಲ್ಲಿ ಸೀಳಿ ಹಾಕಿದ ಉದ್ದುದ್ದ ಎಲೆಕೋಸು. ಇಡೀ ಚಳಿಗಾಲಕ್ಕೆ ಬೇಕಾದ ಕಿಮ್ಚಿ ಉಪ್ಪಿನಕಾಯಿ ಅದರಿಂದಲೇ ಆಗಬೇಕು. ನಾಳೆ ಬೆಳಿಗ್ಗೆ ಮಸಾಲೆ ತುಂಬಲು ಚಿಕ್ಕಮ್ಮಂದಿರು ಬರುತ್ತಾರೆ.

ಮಧ್ಯಾಹ್ನ ಮೂಲಂಗಿ ತರಲು ಹೊರಟಾಗ ಅಜ್ಜಿ ಹೇಳಿದ್ದು ಒಂದೇ ಮಾತು. ನಾಲ್ಕು ಗಂಟೆಗೆ ಮೇಲಿನ ಕೋಸು ಕೆಳಗೆ, ಕೆಳಗಿನದು ಮೇಲೆ ಹಾಕು ಅಂತ. ಈಗ ಹೊರಗೆ ಕತ್ತಲಾಗುತ್ತಿತ್ತು.

ಅಜ್ಜಿ ಮೇಲಿನ ಕೋಸಿನ ಒಂದು ಎಲೆ ಬಗ್ಗಿಸಿದಳು. ಟಕ್ಕೆಂದು ಮುರಿಯಿತು, ಉಪ್ಪೇ ಹಿಡಿದಿರಲಿಲ್ಲ. ಕೆಳಗಿನದನ್ನು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಚೂರು ಬಾಯಿಗೆ ಹಾಕಿಕೊಂಡವಳೇ, “ಥೂ! ಸಮುದ್ರ!” ಎಂದಳು.

“ನಾಲ್ಕು ಗಂಟೆಗೆ ನೆನಪಾಯ್ತು ಅಜ್ಜಿ, ನಿಜವಾಗ್ಲೂ. ಆದ್ರೆ ಆನ್‌ಲೈನ್ ಗೇಮ್‌ನಲ್ಲಿ ಮ್ಯಾಚ್ ನಡೀತಿತ್ತು.”

“ನಿಲ್ಸಿ ಬರೋದಪ್ಪ.”

“ಅದನ್ನ ಮಧ್ಯ ನಿಲ್ಸಕ್ಕಾಗಲ್ಲ. ನಾನು ಎದ್ರೆ ಟೀಮೇ ಸೋಲುತ್ತೆ. ಫ್ರೆಂಡ್ ಗ್ಯುರಿ ಬೈತಾಳೆ.”

“ಸರಿ. ಆ ಮ್ಯಾಚ್ ಮುಗೀತಲ್ಲ, ಆಮೇಲೆ?”

ಆಮೇಲೆ ದಾಮಿ ಇನ್ನೊಂದು ಆಡಿದ್ದಳು. ಅದು ಸೋತಿದ್ದಕ್ಕೆ ಮತ್ತೊಂದು.

ಅಜ್ಜಿ ಈಗ ಬೈಯುತ್ತಾಳೆ ಎಂದು ದಾಮಿ ಕಾದಳು. ಅಜ್ಜಿಗೆ ಬೈಯುವಷ್ಟೂ ತ್ರಾಣ ಉಳಿದಿರಲಿಲ್ಲ. ಸೊಂಟ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದಳು. “ಉಪ್ಪನ್ನೂ ಮಧ್ಯ ನಿಲ್ಸಕ್ಕಾಗಲ್ಲ ಕಣೇ,” ಎಂದಳು.

“ಅಮ್ಮಂಗೆ ಹೇಳ್ತೀಯಾ?”

“ಅವಳೇ ಡ್ಯೂಟಿ ಮುಗಿಸಿ ಹೆಣವಾಗಿ ಬರ್ತಾಳೆ. ಅವಳ ಮುಂದೆ ಈ ಪುರಾಣ ಯಾಕೆ? ತೋಳು ಮೇಲೆ ಮಾಡ್ಕೋ. ಕೆಳಗಿಂದು ತೊಳೀಬೇಕು, ಮೇಲಿಂದಕ್ಕೆ ಮತ್ತೆ ಉಪ್ಪು ಹಚ್ಚಬೇಕು. ಇಲ್ದಿದ್ರೆ ನಾಳೆ ಯಾರೂ ಬರಬೇಡಿ ಅನ್ನೋದೇ.”

ಅಜ್ಜಿ ಕೋಟು ಬಿಚ್ಚಿ ರಬ್ಬರ್ ಗ್ಲೌಸ್ ಹಾಕಿಕೊಂಡಳು, ಇಬ್ಬರೂ ಶುರು ಮಾಡಿದರು. ನೀರು ಮಂಜುಗಡ್ಡೆಯಂತಿತ್ತು. ಒಂದೊಂದು ಕೋಸೂ ಕೂಸಿನಷ್ಟು ಭಾರ. ಅರ್ಧ ಮುಗಿಯುವಷ್ಟರಲ್ಲೇ ದಾಮಿಯ ಭುಜ ಕಳಚಿಬಂದಂತಾಯಿತು. ಬೆಳಿಗ್ಗೆ ಇದನ್ನೆಲ್ಲ ಅಜ್ಜಿ ಒಬ್ಬಳೇ ಸೀಳಿ, ಎತ್ತಿ, ತುಂಬಿದ್ದಳು. ಆಗಲೂ ದಾಮಿ ಆಡುತ್ತಿದ್ದಳು.

ವಾಷಿಂಗ್ ಮೆಷಿನ್ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ದಾಮಿ ಮೊಣಕೈಯಿಂದ ಸ್ಪೀಕರ್ ಒತ್ತಿದಳು.

“ಎಲ್ಲಿ ಸತ್ತ್ಯೇ? ಬೇಗ ಬಾ, ಒಂದೇ ಒಂದು ಮ್ಯಾಚು!” ಗ್ಯುರಿ ಕಿರುಚಿದಳು.

ದಾಮಿ ತೊಟ್ಟಿ ನೋಡಿದಳು. ಮಧ್ಯದಲ್ಲಿ ಏಳಲು ಆಗುವುದಿಲ್ಲ, ಅದು ನಿಜವೇ. ಆದರೆ ಈ ಮ್ಯಾಚು ಇನ್ನೂ ಶುರುವೇ ಆಗಿಲ್ಲವಲ್ಲ.

“ಇವತ್ತು ನೀವೇ ಆಡ್ಕೊಳ್ರೇ. ನಾನು ಕೂತ್ರೆ ಏಳಲ್ಲ.”

“ಯಾಕೇ, ಅಜ್ಜಿ ಬೈದ್ರಾ?”

“ಇಲ್ಲ ಕಣೇ. ಬೈಲಿಲ್ಲ.”

ಕೊನೆಯ ಕೋಸಿಗೆ ಉಪ್ಪು ಹಚ್ಚಿ ತಿರುಗಿದರೆ ಅಜ್ಜಿ ಕೂತಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ದಾಮಿ ಅವಳ ಎದುರು ಮಂಡಿಯೂರಿ, ಎಚ್ಚರವಾಗದ ಹಾಗೆ, ಅವಳ ಕೈಯ ಗುಲಾಬಿ ಬಣ್ಣದ ರಬ್ಬರ್ ಗ್ಲೌಸನ್ನು ಒಂದೊಂದೇ ಬೆರಳಿನಿಂದ ಮೆಲ್ಲಗೆ ಎಳೆದು ಬಿಡಿಸತೊಡಗಿದಳು.